ಕರೆಂಟ್ ಹೋದರೆ?

ಮನೆಯಲ್ಲಿ ಸುಂಕಮ್ಮ, ಜೀನ್ಸ್ ಯೂನಿಟ್ಟಿನಲ್ಲಿ ಸುಧಾ.
ಬಳ್ಳಾರಿ ಆಸ್ಪತ್ರೆಯ ಹದಿನಾಲ್ಕನೇ ಕೋಣೆಯ ಫೈಲಿನಲ್ಲಿ
ಎರಡೂ ಹೆಸರು, ನಡುವೆ ಒಂದು ಓರೆಗೆರೆ.
ವಯಸ್ಸು ಇಪ್ಪತ್ತೆಂಟು. ಮದುವೆಯಾಗಿ ಎರಡು ವರ್ಷ.
ಎಡ ಮೊಲೆಯಲ್ಲಿ ಗಂಟು.
ಉಗುರಿನ ಸಂದಿಯಲ್ಲಿ ಇನ್ನೂ ನೀಲಿ.

ಡಾಕ್ಟರು ಕೀಮೋದ ತಾರೀಖು ಬರೆದು ಎದ್ದುಹೋದರು.
ಉಳಿದದ್ದನ್ನು ಹೇಳುವುದು ನನ್ನ ಕೆಲಸ.

ಚೀಟಿಯ ಹಿಂದೆ ಗರ್ಭಕೋಶ ಬರೆಯುತ್ತೇನೆ,
ಅಕ್ಕಪಕ್ಕ ಎರಡು ಅಂಡಾಶಯ. ಚಿತ್ರ ಬರೆಯಲು ನನಗೆ ಬಾರದು.
"ಜೇಬು ಇದ್ದಂಗೈತಲ್ಲಕ್ಕ," ಅನ್ನುತ್ತಾಳೆ,
"ಈ ಕಡೀದು ಸೊಟ್ಟ. ನಮ್ಮ ಮೇಸ್ತ್ರಿ ಬಿಚ್ಚಿ ಹೊಲಿ ಅಂತಿದ್ದ."

ಜೇಬೇ ಅಂದುಕೋ. ಹುಟ್ಟುವಾಗಲೇ ತುಂಬಿಕೊಂಡು ಬಂದದ್ದು,
ಮತ್ತೆ ತುಂಬುವುದಿಲ್ಲ. ಕೀಮೋ ಗಂಟನ್ನು ಹುಡುಕುತ್ತ
ಈ ಜೇಬಿಗೂ ಕೈ ಹಾಕುತ್ತದೆ.
ಎಷ್ಟು ತೆಗೆದೀತು, ಎಷ್ಟು ಬಿಟ್ಟೀತು, ಮೊದಲೇ ಹೇಳಲಾಗದು.
ಅದಕ್ಕೇ, ಡಾಕ್ಟರು ಒಪ್ಪಿದರೆ, ಕೀಮೋಗೆ ಮುಂಚೆ ಎರಡು ವಾರ
ದಿನಾ ಹೊಟ್ಟೆಗೆ ಸೂಜಿ; ಆಮೇಲೆ ಮೊಟ್ಟೆ ತೆಗೆದು
ತಂಪಿನಲ್ಲಿ ಇಡುವುದು.
'ಮೊಟ್ಟೆ' ಅಂದಾಗ ಬಾಗಿಲ ಬಳಿ ನಿಂತ ಅತ್ತೆ
ಬಾಯಿಗೆ ಸೆರಗು ಒತ್ತಿಕೊಂಡಳು.
'ಅಂಡಾಣು' ಅಂದರೆ ಯಾರಿಗೂ ತಿಳಿಯುವುದಿಲ್ಲ, ಏನು ಮಾಡಲಿ.

ಎಷ್ಟು ತಂಪು?
ಸೊನ್ನೆಯಿಂದ ಕೆಳಗೆ ನೂರಾ ತೊಂಬತ್ತಾರು.
ಕಿಟಕಿಯಾಚೆ ಕೋಟೆಗುಡ್ಡ ಹೆಂಚಿನಂತೆ ಕಾದಿತ್ತು,
ಜಾಲಿಯ ನೆರಳಿಗೆ ನಾಯಿಯೂ ನಿಲ್ಲದ ಮೇ ತಿಂಗಳು.
ಬಹಳ ಹೊತ್ತು ಯೋಚಿಸಿ ಕೇಳಿದಳು:
"ಕರೆಂಟ್ ಹೋದ್ರೆ?"

ಆರು ವರ್ಷದಲ್ಲಿ ಈ ಕುರ್ಚಿಯಲ್ಲಿ ಕೂತವರು
ದುಡ್ಡೆಷ್ಟು ಅಂದಿದ್ದಾರೆ, ಗಂಡನ ಸಹಿ ಬೇಕಾ ಅಂದಿದ್ದಾರೆ,
ಒಬ್ಬಳು ಪಾಪ ಬರೋಲ್ವಾ ಅಂದಿದ್ದಳು.
ಇದನ್ನು ಯಾರೂ ಕೇಳಿರಲಿಲ್ಲ.
ಅದು ಕರೆಂಟನ್ನು ನಂಬಿಕೊಂಡಿಲ್ಲ, ಅಂದೆ.
ಹಾಲಿನ ಕ್ಯಾನಿನಂಥ ಪಾತ್ರೆ, ಒಳಗೆ ದ್ರವ ಸಾರಜನಕ,
ತೀರುವ ಮುಂಚೆ ತುಂಬಿಸುತ್ತಾರೆ.
"ಮುಚ್ಚಳ ತೆಗೆದ್ರೆ ಹೊಗೆ ಬರೋದಾ? ನಮ್ಮೂರ ಎಮ್ಮೆ ಡಾಕ್ಟ್ರ ಹತ್ರ ಐತಿ."
ಅದೇ.
"ಅಷ್ಟು ಹೇಳಾಕ ಇಷ್ಟೊತ್ತು ಬೇಕಾತೇನಕ್ಕ?"

ನಗುವಿನ ನಂತರದ್ದೇ ಕಷ್ಟ.
ಕಾರ್ಡಿನಲ್ಲಿ ಇದು ಬರುವುದಿಲ್ಲ. ಹುಬ್ಬಳ್ಳಿಗೆ ಹೋಗಬೇಕು.
ಇಟ್ಟದ್ದೆಲ್ಲ ಮಗುವಾಗುವುದಿಲ್ಲ, ಒಂದೂ ಆಗದಿರಬಹುದು.
ತಿಂಗಳಿಗೊಂದು ಸೂಜಿಯಿದೆ, ಅಂಡಾಶಯವನ್ನು ಮಲಗಿಸಿಡುತ್ತದೆ,
ಕಾಯ್ದರೆ ಕಾಯ್ದೀತು, ಭರವಸೆ ಇಲ್ಲ.
ಆಮೇಲೂ ವರ್ಷಗಟ್ಟಲೆ ಮಾತ್ರೆ, ಆಗ ಬಸಿರಾಗಬಾರದು.
ಏನೂ ಮಾಡದೆ ಇರುವುದೂ ನಿನ್ನದೇ ಮಾತು, ತಪ್ಪಲ್ಲ.

ಗಾದಿಲಿಂಗ ಇಷ್ಟು ಹೊತ್ತೂ ಮೊಬೈಲಿನಲ್ಲಿ ಲೆಕ್ಕ ಒತ್ತುತ್ತಿದ್ದ,
ಒತ್ತಿ, ಅಳಿಸಿ.
ಅತ್ತೆ ಅಂದಳು: "ಮೊದ್ಲು ಜೀವ ಉಳೀಲಿ ತಾಯಿ. ಅದೆಲ್ಲ ಆಮೇಲೆ."

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ.
ನನಗೂ ಹೀಗೇ ಅಂದಿದ್ದರು, ಮೂವತ್ತೊಂದರಲ್ಲಿ: ಆಮೇಲೆ.
ನಾಲ್ಕನೇ ಕೀಮೋಗೆ ಮುಟ್ಟು ನಿಂತಿತು.
ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಕೊಂಡು ಕಾದೆ,
ಕ್ಯಾಲೆಂಡರೇ ಮುಗಿಯಿತು.
ಮಗು ಬೇಕಿತ್ತೋ ಇಲ್ಲವೋ ಈಗಲೂ ನನಗೆ ಗೊತ್ತಿಲ್ಲ.
ಯಾರಾದರೂ ಕೇಳಿದ್ದರೆ ಗೊತ್ತಾಗುತ್ತಿತ್ತು.

ಇದನ್ನು ಸುಂಕಮ್ಮನಿಗೆ ಹೇಳಲಿಲ್ಲ.
ಅವಳ ಗಂಟಿಗೆ ನನ್ನದನ್ನೂ ಕಟ್ಟಿ ಕಳಿಸುವುದು ತರವಲ್ಲ.

"ಬ್ಯಾಡ ಅಂದ್ರೆ ಬೈತೀರೇನು?"
ಇಲ್ಲ.
"ಬೇಕು ಅಂದ್ರೆ?"
ಹುಬ್ಬಳ್ಳಿಗೆ ಫೋನು ಮಾಡುತ್ತೇನೆ. ಗುರುವಾರ ಹನ್ನೊಂದರೊಳಗೆ ಹೇಳು.

ನನ್ನ ಪೆನ್ನು ಇಸಕೊಂಡು ಸೊಟ್ಟ ಜೇಬನ್ನು ತಿದ್ದಿದಳು:
ಅಂಚಿಗೆ ಎರಡು ಸಾಲು ಹೊಲಿಗೆ, ಮೂಲೆಗೆ ರಿವೀಟಿನ ಚುಕ್ಕೆ.
ಚೀಟಿ ಮಡಚಿ, ಪಟ್ಟಿ ಕಟ್ಟಿರದ ಬದಿಯ
ರವಿಕೆಯೊಳಗೆ ಇಟ್ಟುಕೊಂಡು ಎದ್ದಳು.

ಈಗ ಬುಧವಾರ, ರಾತ್ರಿ.
ಕರೆಂಟ್ ಹೋಗಿ ಅರ್ಧ ಗಂಟೆಯಾಯಿತು.
ಫೋನು ತೊಡೆಯ ಮೇಲಿದೆ. ಚಾರ್ಜು ಹನ್ನೆರಡು.