ಬಾಯಲ್ಲಿ ಮಾಡಿ ತೋರ್ಸು

ಮನೆಯಿಂದ ಹೊರಟಾಗ ಇತ್ತು,
ಚಿಂತಾಮಣಿ ರಸ್ತೆಯ ಉದ್ದಕ್ಕೂ ಇತ್ತು,
ಶಿಡ್ಲಘಟ್ಟದ ಒಳಗೆ ಬಂದು
ದಸ್ತಗೀರ್ ಸಾಬರ ಶೆಡ್ಡಿನ ಮುಂದೆ ಒಂದು ಸುತ್ತು ಹೊಡೆದರೆ
ಸದ್ದೇ ಇಲ್ಲ.
ಡಾಕ್ಟರ ಬಾಗಿಲಲ್ಲಿ ಕೆಮ್ಮು ನಿಂತ ಹಾಗೆ.

"ಎಲ್ಲಾ ಗಾಡೀನೂ ಹಂಗೇ ಪಿಳ್ಳಕ್ಕಾ,
ನನ್ ಕಂಡ್ರೆ ಬಾಯಿ ಮುಚ್ಕೊಂತವೆ.
ನೀನೇ ಬಾಯಲ್ಲಿ ಮಾಡಿ ತೋರ್ಸು."

ಬೆಂಚಿನ ಮೇಲೆ ಆಗಲೇ ಇಬ್ಬರಿದ್ದರು.
ಹಾಲಿನ ಡೈರಿ ಸೆಕ್ರೆಟರಿ, ಇಸ್ತ್ರಿ ಅಂಗಿ, ಜೇಬಲ್ಲಿ ಎರಡು ಪೆನ್ನು,
ಕುಂಯ್ ಕುಂಯ್ ಎಂದು ನಾಯಿಮರಿಯಾಗಿ ಕೂತಿದ್ದ.
ಬೆಳಿಗ್ಗೆ ಎಬ್ಬಿಸಿದಾಗ ಮಾತ್ರ ಅಂತೆ, ಆಮೇಲೆ ಸುಮ್ಮನೆ ಅಂತೆ.
ರಾತ್ರಿಯೇ ಬಿಟ್ಟುಹೋಗಿದ್ದ ಕಾರನ್ನು ಆಂಜಿ ಸ್ಟಾರ್ಟ್ ಮಾಡಿದ,
ಬೆಲ್ಟಿನ ಮೇಲೆ ಅರ್ಧ ಚೊಂಬು ನೀರು ಚಿಮುಕಿಸಿದ,
ಕುಂಯ್ ನಿಂತಿತು. ನೀರು ಆರಿತು, ಮತ್ತೆ ಅತ್ತಿತು.
ಸಾಬರು ಬಾನೆಟ್ ಕಡೆ ನೋಡಿಯೂ ಇರಲಿಲ್ಲ.

ಟೊಮೆಟೊ ತುಂಬಿದ ಟಾಟಾ ಏಸಿನ ಹುಡುಗ
ಬ್ರೇಕ್ ಒತ್ತಿದಾಗ ಬರುವುದನ್ನು ಹಲ್ಲು ಕಡಿದು ತೋರಿಸಿದ.
"ಲೈನಿಂಗ್ ಎಲ್ಲೈತಪ್ಪ ಇನ್ನು, ಕಬ್ಣ ಕಬ್ಣಾನ ತಿಂತಾ ಐತೆ.
ಲೋಡ್ ಇಳ್ಸು. ಕೀಲಿ ಕೊಡಲ್ಲ ನಾನು."
ಹುಡುಗ ಮದನಪಲ್ಲಿ ಮಂಡಿಗೆ ಫೋನು ಹಚ್ಚಿ
ತೆಲುಗಿನಲ್ಲಿ ಬೈಸಿಕೊಳ್ಳತೊಡಗಿದ.

ನನ್ನ ಸರದಿ.
ನಲವತ್ತೆಂಟು ವರ್ಷದ ಹೆಂಗಸು,
ಸೆರಗು ಸರಿಮಾಡಿಕೊಂಡು, ಗೋಡೆಯ ಟೈರು ಕ್ಯಾಲೆಂಡರು ನೋಡುತ್ತಾ
ಘೂಂ ಎಂದೆ.
"ಸ್ಪೀಡ್ ಏರಿದ್ರೆ?"
ಘೂಂಂಂಂ.
"ಕ್ಲಚ್ ತುಳಿದ್ರೆ?"
ಅದಕ್ಕೆ ಲೆಕ್ಕವೇ ಇಲ್ಲ, ಅದೇ ಘೂಂ.
ಬೆಂಚು ನಗಲಿಲ್ಲ. ಅಲ್ಲಿ ಯಾರೂ ನಗುವುದಿಲ್ಲ,
ಎಲ್ಲರ ಬಾಯೊಳಗೂ ಒಂದೊಂದು ಪ್ರಾಣಿ ಕಟ್ಟಿಹಾಕಿರುತ್ತದೆ.

ಗೌಡನಕೆರೆಯ ಕಡೆ ಹೋದೆವು, ತಿರುವು ಬೇಕಿತ್ತು ಅವರಿಗೆ.
ಪಕ್ಕದ ಸೀಟಿನಲ್ಲಿ ಚಪ್ಪಲಿ ಬಿಚ್ಚಿ
ಬರಿಗಾಲನ್ನು ತಗಡಿನ ಮೇಲೆ ಊರಿದರು.
ಎಡಕ್ಕೆ ಎಳೆದೆ, ಘೂಂ ಏರಿತು.
ಬಲಕ್ಕೆ, ಇಳಿಯಿತು.
"ಬಲಗಡೆ ಬೇರಿಂಗ್."
ಎಡಕ್ಕೆ ಹೋದಾಗ ತಾನೇ ಕೂಗಿದ್ದು?
"ಎಡಕ್ಕೆ ಹೋದ್ರೆ ಭಾರ ಯಾರ್ ಮೇಲೆ ಬೀಳ್ತದೆ?"
ಒಂದು ಫರ್ಲಾಂಗು ನಾನು ಮಾತಾಡಲಿಲ್ಲ.

ಬಿಚ್ಚಿದ ಬೇರಿಂಗನ್ನು ಕೈಗಿಟ್ಟು ತಿರುಗಿಸಿ ನೋಡೆಂದರು.
ಸೀದಾ ಕಿವಿಗೆ ಹಿಡಿದೆ, ಅಭ್ಯಾಸ.
ಗೂಡನ್ನೂ ಹೀಗೇ ಕಿವಿಯ ಹತ್ತಿರ ಅಲ್ಲಾಡಿಸುತ್ತೇವೆ,
ಒಳಗೆ ಟಕ್ ಎಂದರೆ ಬಲಿತಿದೆ,
ಮೆತ್ತಗಿದ್ದರೆ ಇನ್ನೆರಡು ದಿನ ಚಂದ್ರಿಕೆಯಲ್ಲೇ.
ಇದರೊಳಗೆ ಯಾರೋ ಮರಳು ಅಗಿಯುತ್ತಿದ್ದರು.

ಸಾವಿರದ ಎಂಟುನೂರು. ಐವತ್ತು ಬಿಟ್ಟರು.

ಬಸ್‌ಸ್ಟ್ಯಾಂಡು ದಾಟಿರಲಿಲ್ಲ.
ಘೂಂ ಹೋದ ಜಾಗದಲ್ಲಿ, ನನ್ನ ಸೀಟಿನ ಅಡಿಯಿಂದಲೇ,
ಇಷ್ಟು ದಿನ ಅದರ ಹಿಂದೆ ಅವಿತಿದ್ದ ಇನ್ನೊಂದು:
ಟಿಕ್ ಟಿಕ್ ಟಿಕ್ ಟಿಕ್.
ಹಾಗೇ ತಿರುಗಿಸಿ ವಾಪಸ್ಸು ಬಂದೆ.

ಸಾಬರು ಸೋಪಿನ ಪುಡಿಯಲ್ಲಿ ಕೈ ತೊಳೆಯುತ್ತಿದ್ದವರು
ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ,
ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ
ಬಹಳ ಹೊತ್ತು ನಿಂತರು. ನೊರೆ ಮೊಣಕೈಯಿಂದ ತೊಟ್ಟಿಕ್ಕಿತು.
"ಟ್ಯಾಪೆಟ್ಟು. ಇರ್ಲಿ ಬಿಡು."
ಸರಿ ಮಾಡಲ್ವಾ?
"ಇಷ್ಟು ಸದ್ದು ಇದ್ರೆ ಚೆನ್ನಾಗೈತೆ ಅಂತ.
ಸುಮ್ಕಾದ ದಿನ ಓಡಿ ಬಾ. ಒಳಗೆ ವಾಲ್ವ್ ಸುಡ್ತಾ ಇರ್ತದೆ."

ನನಗೆ ಬಿಡಿಸಿ ಹೇಳಬೇಕಿರಲಿಲ್ಲ.
ನಾಲ್ಕನೇ ಜ್ವರ ಎದ್ದ ಹುಳುಗಳು ರಾತ್ರಿಯಿಡೀ ಸೊಪ್ಪು ತಿನ್ನುತ್ತವೆ,
ಮುಂದಿನ ಕೋಣೆಯಲ್ಲಿ ಯಾರೋ ಹಳೇ ಪೇಪರು ಮಡಚುತ್ತಿರುವಂತೆ.
ಆ ಸದ್ದಿಗೆ ನಾನು ಗೊರಕೆ ಹೊಡೆಯುತ್ತೇನೆ.
ಅದು ತೆಳುವಾದರೆ, ಎಷ್ಟೇ ಹೊತ್ತಾಗಿರಲಿ,
ಬ್ಯಾಟರಿ ಹಿಡಿದು ತಟ್ಟೆಗಳ ನಡುವೆ ನಿಂತಿರುತ್ತೇನೆ.

ಆಂಜಿ ಸ್ಪ್ಯಾನರುಗಳನ್ನು ಒರೆಸುತ್ತಾ
ಆ ಟಿಕ್ ಟಿಕ್ಕನ್ನು ತನ್ನ ಬಾಯಲ್ಲಿ ಮಾಡಿ ನೋಡುತ್ತಿದ್ದ.
ಸ್ವಲ್ಪ ಜೋರಾಯಿತು ಎಂದರು ಸಾಬರು.

ಮರುದಿನ ನಾಲ್ಕು ಗಂಟೆಗೆ, ಕತ್ತಲು,
ಹಿಂದೆ ತೊಂಬತ್ತು ಕೆಜಿ ಗೂಡು.
ಕೀಲಿ ತಿರುಗಿಸಿ, ಲೈಟು ಹಾಕುವ ಮೊದಲು
ತಲೆ ಬಗ್ಗಿಸಿ ಸೀಟಿನ ಅಡಿಗೆ ಕಿವಿ ಕೊಟ್ಟೆ.
ಇತ್ತು.