ತಂಗಿದ್ದು

ಹದಿನೆಂಟು ಪೌಂಡಿನ ಟರ್ಕಿ ಕೋಳಿ,
ಎಂಟು ಜನಕ್ಕೆಂದು ತಂದದ್ದು.
ಬಂದವರು ಇಬ್ಬರು:
ಪಕ್ಕದ ಮನೆಯ ಲೆಂಪಿ, ಹಲ್ಲಿನ ಸೆಟ್ಟು ಮರೆತು;
ನನ್ನ ತಮ್ಮ ರೈನೊ, ಹಸಿವೊಂದನ್ನು ಬಿಟ್ಟು ಮಿಕ್ಕೆಲ್ಲ ಮರೆತು.
ಉಳಿದವರನ್ನು ಹಿಮ
ಹೆದ್ದಾರಿಯ ಆಚೆಗೇ ಹಿಡಿದು ನಿಲ್ಲಿಸಿತ್ತು.

ವರ್ನಾ ಬೆಳಗಿನ ನಾಲ್ಕಕ್ಕೇ
ಹಿಮ ತಳ್ಳುವ ಲಾರಿ ಹತ್ತಿದ್ದಳು.
'ಹಬ್ಬ ಅಂತ ಹಿಮಕ್ಕೆ ಹೇಳೋರು ಯಾರು'
ಎಂದು ಬೂಟಿನ ದಾರ ಬಿಗಿದು ಹೊರಟವಳು
ಅಡುಗೆಮನೆಯನ್ನು ಮೊದಲ ಬಾರಿ
ನನ್ನ ಕೈಗೆ ಕೊಟ್ಟಿದ್ದಳು, ಚೀಟಿಯ ಸಮೇತ:
ಹೊಟ್ಟೆಯೊಳಗೆ ಕೈ ಹಾಕು. ಒಂದು ಪೊಟ್ಟಣ ಇರುತ್ತೆ. ತೆಗಿ.
ಹೆದರಬೇಡ.

ಹೆದರಿದೆ.
ಮೂವತ್ತು ವರ್ಷ ಅದಿರಿನ ಹಡಗಿಗೆ ಹಗ್ಗ ಬಿಗಿದ ಕೈ
ಸತ್ತ ಹಕ್ಕಿಯೊಂದರ ಹೊಟ್ಟೆಯಲ್ಲಿ ನಡುಗಿತು.
ಒಳಗಿನ್ನೂ ಗಡ್ಡೆಕಟ್ಟಿದ ಚಳಿ,
ನಮ್ಮ ಸರೋವರದ್ದೇ ಒಂದು ಚೂರು
ಅಲ್ಲಿ ಬಂದು ಕೂತ ಹಾಗೆ.
ಬಿಸಿನೀರು ಬಿಟ್ಟೆ. ಬೈದೆ. ಕಾದೆ.

ಬೆಣ್ಣೆ, ಈರುಳ್ಳಿ, ಸೇಜ್ ಸೊಪ್ಪು.
ಅರ್ಧ ಗಂಟೆಗೊಮ್ಮೆ ಓವನ್ನಿನ ಬಾಗಿಲು ತೆಗೆದು
ಅದರ ರಸವನ್ನು ಅದರ ಮೇಲೇ ಸುರಿದೆ.
ಮೊದಲು ಮುದುಕನ ಮೊಣಕೈ ಬಣ್ಣ,
ಬರಬರುತ್ತಾ ಹೊಳಪು ಹಚ್ಚಿದ ಪಿಟೀಲು.
ಕನ್ನಡಕದ ತುಂಬ ಹಬೆ,
ಮನೆಯ ತುಂಬ ಒಂದು ಘಮ,
ನಾಯಿ ಒಲೆಯ ಮುಂದೆ ದೇವರೆದುರು ಕೂತಂತೆ.

ಎದೆಯ ಮಾಂಸ ಒಣಗಿತ್ತು.
ಯಾರೂ ಹೇಳಲಿಲ್ಲ.
ಲೆಂಪಿ ಗ್ರೇವಿಯನ್ನು ನಾಲ್ಕು ಸಲ ಕೇಳಿದಳು, ಅಷ್ಟೇ.

ರಾತ್ರಿ ಹನ್ನೊಂದಕ್ಕೆ ವರ್ನಾ.
ರೆಪ್ಪೆಯ ಮೇಲೆ ಹಿಮ, ಕಿವಿಯಲ್ಲಿನ್ನೂ ಇಂಜಿನ್ನು,
ಕೋಟು ಬಿಚ್ಚಲಿಲ್ಲ, ಕೂರಲಿಲ್ಲ,
ತಟ್ಟೆ ಕೊಟ್ಟರೆ ಪಕ್ಕಕ್ಕಿಟ್ಟಳು.
ತಣ್ಣಗೆ ಮಲಗಿದ್ದ ಹಕ್ಕಿಯನ್ನು ಒಂದೇ ಸಲಕ್ಕೆ ಮಗುಚಿ
ಬೆನ್ನಿನ ಗುಳಿಯಲ್ಲಿ ಹೆಬ್ಬೆರಳು ಊರಿ
ಎರಡು ತುಣುಕು ಕಿತ್ತಳು,
ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡವು,
ಮೆತ್ತಗೆ, ಕಂದು, ರಸ ಜಿನುಗುತ್ತಾ.
ಅಲ್ಲಿ ಅಂಥದ್ದಿದೆ ಎಂದು
ಇಪ್ಪತ್ತಾರು ಹಬ್ಬ ಉಂಡ ನನಗೆ ಗೊತ್ತಿರಲಿಲ್ಲ.
'ಮಾಡಿದವರಿಗೆ ಮಾತ್ರ ಇದು' ಎಂದಳು.
'ಪ್ರತಿ ವರ್ಷ ಒಬ್ಬಳೇ ತಿಂತಿದ್ದೆ, ಒಲೆ ಹತ್ತಿರ ನಿಂತು.'
ಒಂದನ್ನು ನನ್ನ ಬಾಯಿಗಿಟ್ಟಳು.
ಬೆರಳಿಗೆ ಡೀಸೆಲ್ಲಿನ ವಾಸನೆ.

ಮಾರನೆಯ ದಿನದಿಂದ ಶುರು ನಿಜವಾದ ಊಟ.
ಬಂದು ಉಂಡು ಎದ್ದು ಹೋಗುವುದು ಹಬ್ಬ,
ರಾತ್ರಿ ತಂಗಿದ್ದು ತಂಗಳು,
ತಂಗಿದ್ದಕ್ಕೇ ಅದು ಮನೆಯವರ ಪೈಕಿ.
ಶುಕ್ರವಾರ ದಪ್ಪ ಬ್ರೆಡ್ಡಿನ ನಡುವೆ,
ಕ್ರ್ಯಾನ್‌ಬೆರಿಯ ಹುಳಿ ಅಂಗೈಗೆ ಇಳಿಯುತ್ತಾ;
ಅದೇ ಒಣಗಿದ ಎದೆ
ಮೇಯನೇಸಿನ ಜೊತೆ ಮೆತ್ತಗಾಗಿ ರಾಜಿಯಾಗಿತ್ತು.
ಸಂಜೆ ಮತ್ತೆ ಅದೇ. ನಡುರಾತ್ರಿ ಫ್ರಿಜ್ಜಿನ ಬೆಳಕಲ್ಲಿ
ಒಬ್ಬರಿಗೊಬ್ಬರು ಸಿಕ್ಕಿಬಿದ್ದು, ಮತ್ತೆ.
ಶನಿವಾರ ರೈನೊ ಬಂದ, ಸಲಿಕೆ ವಾಪಸು ಕೊಡುವ ನೆಪ;
ಬಟಾಣಿ ಬೆರೆಸಿದ ಕಡುಬಿನ ಮೇಲ್ಪದರ ಒಡೆದು
ಸಲಿಕೆಯನ್ನು ಮತ್ತೆ ಹೊತ್ತುಕೊಂಡೇ ಹೋದ.

ಕವಲು ಮೂಳೆ ಕಿಟಕಿಯ ದಂಡೆಯಲ್ಲಿ ಒಣಗುತ್ತಿತ್ತು.
ಇಬ್ಬರು ಎಳೆಯಬೇಕು, ಉದ್ದದ ತುಂಡು ಸಿಕ್ಕವರ ಹರಕೆ ಫಲಿಸುತ್ತದೆ.
ಪಕ್ಕದಲ್ಲಿ ಹೋದ ವರ್ಷದ್ದು, ಆಚೆ ವರ್ಷದ್ದು.
ಎಳೆಯುವುದು ನಮಗೆ ನೆನಪಾಗುವುದಿಲ್ಲ.

ಭಾನುವಾರ ಅಸ್ಥಿಯಷ್ಟೇ ಉಳಿದು
ದೊಡ್ಡ ಪಾತ್ರೆಯಲ್ಲಿ ಬಾರ್ಲಿ, ಕ್ಯಾರೆಟ್ಟಿನ ಜೊತೆ
ಇಡೀ ಮಧ್ಯಾಹ್ನ ಗುಸುಗುಟ್ಟಿತು.
ಲೆಂಪಿಗೆ ಒಂದು ಡಬ್ಬಿ: ಹಲ್ಲು ಬೇಡದ ಊಟ.

ರಾತ್ರಿ ಮತ್ತೆ ಹಿಮ. ಫೋನು ಬಂತು.
ವರ್ನಾ ಫ್ಲಾಸ್ಕಿನ ಕಾಫಿ ಚೆಲ್ಲಿ ಸಾರು ತುಂಬಿಕೊಂಡಳು.
ಬಾಗಿಲಲ್ಲಿ ತಿರುಗಿ ಕೇಳಿದಳು,
'ನಾಳೆಗೆ ಇನ್ನೂ ಇದೆಯಾ?'

'ಇದೆ' ಎಂದೆ.
ಪಾತ್ರೆಯ ತಳ ಕಾಣುತ್ತಿತ್ತು.