ಗುಲಾಬಿ ಬಣ್ಣ ಬರುವ ತನಕ

ನ್ಯೂಫೌಂಡ್‌ಲ್ಯಾಂಡಿನ ಈ ಅಂಚಿನಲ್ಲಿ, ಕಿಟ್ಟಿವೇಕ್ ಕೋವ್‌ನಲ್ಲಿ,
ನೂರಾ ಹನ್ನೆರಡು ಜನ, ಒಂದು ಅಂಚೆ ಕಚೇರಿ,
ಅದರ ಬಾಗಿಲಿಗೆ ಒಂದು ಹಲಗೆ:
ಕುದಿಸಿ ಕುಡಿಯಿರಿ.
ಹಲಗೆ ಹೊಡೆದ ವರ್ಷ ಹುಟ್ಟಿದ ಕೂಸಿಗೆ
ಮೊನ್ನೆ ಮದುವೆಯಾಯಿತು.
ಉಪ್ಪುಗಾಳಿಗೆ ಮೊದಲ ಪದ ಸವೆದು
ಈಗದು ಬರೀ 'ಕುಡಿಯಿರಿ' ಅನ್ನುತ್ತದೆ.

ನಾನು ಎಲ್ಫ್ರೀಡಾ. ಮೀನಿನ ಕಾರ್ಖಾನೆ ಮುಚ್ಚಿದ ಮೇಲೆ
ವಾರಕ್ಕೆ ಹತ್ತು ಗಂಟೆ ನೀರಿನ ಕೆಲಸ.
ಪಂಪುಮನೆಯ ಬೀಗದಕೈ ಸದಾ ಕೊರಳಲ್ಲಿ,
ಇಗರ್ಜಿಗೆ ಹೋದಾಗಲೂ.

ನಮ್ಮ ಕೆರೆಯ ನೀರು ಹುಟ್ಟಾ ಕಂದು.
ಜೌಗಿನ ಪಾಚಿ, ಸ್ಪ್ರೂಸ್ ಬೇರು ನೆನೆದು ನೆನೆದು
ಒಲೆಗಿಡುವ ಮೊದಲೇ ಅರ್ಧ ಚಹಾ.
ಕ್ಲೋರಿನ್ ಬಿದ್ದರೆ ನಾತ.
ನನಗಿಂತ ಮುಂಚೆ ಇದ್ದ ಹೆಡ್ಲಿ
ಹೆಂಡತಿಯ ಚಹಾ ಕೆಡುತ್ತದೆಂದು
ಶನಿವಾರ ರಾತ್ರಿ ಗುಂಡಿ ಆರಿಸಿ
ಸೋಮವಾರ ಹಾಕುತ್ತಿದ್ದ.
ಊರಿಗೆಲ್ಲ ಗೊತ್ತಿತ್ತು. ಊರೆಲ್ಲ ಅವನಿಗೆ ಋಣಿ.

ಕುಡಿಯಲು ಬೇರೆಯೇ ನೀರು:
ದಾರಿಬದಿಯ ಬಂಡೆಗೆ ಯಾರದೋ ಅಜ್ಜ ಚುಚ್ಚಿದ ಕೊಳವೆ.
ತಿಳಿ ಅಂದರೆ ತಿಳಿ,
ಹಲ್ಲು ಜುಮ್ಮೆನ್ನುವ ತಂಪು.
ಭಾನುವಾರ ಕ್ಯಾನು ಹಿಡಿದು ಸಾಲು. ಸುದ್ದಿ ಹುಟ್ಟುವುದೇ ಅಲ್ಲಿ.

ಏಪ್ರಿಲಿನಲ್ಲಿ, ಕೆರೆಯ ಸೀಸೆಗಳ ಜೊತೆ
ಆ ಒರತೆಯದ್ದೂ ಒಂದು ತುಂಬಿದೆ. ಯಾರಿಗೂ ಹೇಳಲಿಲ್ಲ.
ಐಸಿನ ಪೆಟ್ಟಿಗೆ, ಫೆರಿ, ಆಮೇಲೆ ನೂರು ಮೈಲಿ ಟ್ರಕ್ಕು,
ದಿನ ಕಳೆಯುವುದರೊಳಗೆ ಪ್ರಯೋಗಾಲಯ ಮುಟ್ಟಬೇಕು.
ಎರಡು ಸಲ ಹಿಮಗಡ್ಡೆಗೆ ಫೆರಿ ನಿಂತಿತು,
ಎರಡು ಸಲವೂ ಸೀಸೆ ಚೆಲ್ಲಿದೆ.
ಮೂರನೆಯದಕ್ಕೆ ಫೋನು ಬಂತು.
ಆ ಕಡೆಯ ಹುಡುಗಿ, ಸಾವಿನ ಮನೆಯಲ್ಲಿ ಮಾತಾಡುವ ಹಾಗೆ:
ಕೆರೆ ಪರವಾಗಿಲ್ಲ. ಇನ್ನೊಂದು ಎಲ್ಲಿಯದು?
ಅದರಲ್ಲಿ ಮಲದ ಕ್ರಿಮಿ ಇದೆ.

ಫೋನಿಟ್ಟೆ. ಗಂಟಲು ಒಣಗಿತ್ತು.
ಜಗ್ಗಿನಿಂದ ಅರ್ಧ ಲೋಟ ಬಗ್ಗಿಸಿ ಕುಡಿದ ಮೇಲೆ
ನೆನಪಾಯಿತು, ಅದು ಎಲ್ಲಿಯದೆಂದು.

ಗುಡ್ಡದ ಮೇಲೆ ಹೊಸ ಕ್ಯಾಬಿನ್ನುಗಳು, ಅವುಗಳ ಕಕ್ಕಸುಗುಂಡಿ.
ಬಂಡೆಯ ಬಿರುಕು ಯಾರ ಮಾತೂ ಕೇಳುವುದಿಲ್ಲ.

ಹಲಗೆ ಬರೆದು ಒರತೆಗೆ ಹೊಡೆದೆ. ಬೆಳಿಗ್ಗೆ ಇರಲಿಲ್ಲ.
ಇನ್ನೊಂದು ಹೊಡೆದೆ.
ಗಾರ್ಲೆಂಡ್ ಮುದುಕನ ದೋಣಿಮನೆಯಲ್ಲಿ
ಎರಡರ ಮೇಲೂ ಕಾಡ್ ಮೀನು ಸೀಳುತ್ತಿದ್ದ.
"ನಮ್ಮಪ್ಪ ತೊಂಬತ್ತರವರೆಗೆ ಕುಡಿದ, ಏನಾಯ್ತು?"
ನಿನ್ನ ತಮ್ಮ ಎರಡಕ್ಕೇ ಹೋದನಲ್ಲ,
ಅನ್ನಲು ಬಾಯಿ ತೆರೆದೆ.
ಗೋರಿಕಲ್ಲಿನಲ್ಲಿ ವಯಸ್ಸಿದೆ, ಕಾರಣವಿಲ್ಲ.
ಮುಚ್ಚಿದೆ.

ಜೂನಿನ ಒಂದು ರಾತ್ರಿ ಬಾಗಿಲಲ್ಲಿ ಅವನೇ,
ಕೋಟಿನೊಳಗೆ ಸಾರಾಯಿಯಂತೆ ಬಚ್ಚಿಟ್ಟ ಸೀಸೆ.
"ಸುಮ್ಮನೆ ನೋಡು. ಮರಿಮಗಳು ಬರುತ್ತಿದ್ದಾಳೆ."

ಎರಡು ನಳಿಗೆ: ಒಂದಕ್ಕೆ ನಲ್ಲಿಯದು, ಒಂದಕ್ಕೆ ಅವನದು.
ತಲಾ ಒಂದು ಮಾತ್ರೆ.
ನಲ್ಲಿಯ ನೀರು ಮೆಲ್ಲಗೆ ಗುಲಾಬಿಯಾಯಿತು,
ಅವನದು ಇದ್ದಂತೆಯೇ ಇತ್ತು.
"ಕಂಡೆಯಾ, ನನ್ನದು ಕೆಡಲಿಲ್ಲ!"
"ಬಣ್ಣ ಬಂದರೆ ಒಳಗೆ ಕಾವಲಿದೆ ಅಂತ.
ನಿನ್ನದರಲ್ಲಿ ಯಾರೂ ಇಲ್ಲ, ಗಾರ್ಲೆಂಡ್."
ಬಹಳ ಹೊತ್ತು ನೋಡಿದ.
"ಕಾವಲುಗಾರನಿಗೆ ಇಷ್ಟು ನಾತವೇ?"

ಹೊಸ್ತಿಲಲ್ಲಿ ತಿರುಗಿ: "ಎಷ್ಟು ಹೊತ್ತು ಕುದಿಸಬೇಕು?"
"ಉಕ್ಕಿದ ಮೇಲೆ ಒಂದು ನಿಮಿಷ."
"ಒಂದೇ?"
ಅಂಗಳದ ಕತ್ತಲಲ್ಲಿ ನಿಂತು
ಕೈಗಡಿಯಾರಕ್ಕೆ ಕೀಲಿ ಕೊಡುವ ಸದ್ದು ಕೇಳಿಸಿತು.

ಹಲಗೆಗಳನ್ನು ಮಾತ್ರ ವಾಪಸು ಕೊಡಲಿಲ್ಲ.